ಮತ್ತಿಮರದ ಒರತೆಯ ಹೆಜ್ಜೆ

ಕಾಡಿನ ನೆಲಕ್ಕೆ ಕಿವಿ ಬಂದರೆ ಏನಾಗುತ್ತದೆ? ಕಳ್ಳಬೇಟೆಯವರು ಸಿಕ್ಕಿಬೀಳುತ್ತಾರೆ ಎಂದು ಇಲಾಖೆಯವರು ಹೇಳಿದ್ದರು. ಯಾವ ಹುಲಿ ಯಾವ ಹೊತ್ತಿಗೆ ಎಲ್ಲಿದೆಯೆಂದು ಕೂತಲ್ಲೇ ತಿಳಿಯುತ್ತದೆ ಎಂದು ವಿಜ್ಞಾನಿಗಳು ಹೇಳಿದ್ದರು. ಎರಡೂ ನಿಜವಾದವು. ಅದರ ಜೊತೆಗೆ ಯಾರೂ ಹೇಳದಿದ್ದ ಇನ್ನೊಂದೂ ಆಯಿತು. ಕಾರೆಹಳ್ಳ ಹುಲಿ ಸಂರಕ್ಷಿತ ಪ್ರದೇಶದ ಕಂಟ್ರೋಲ್ ರೂಮಿನಲ್ಲಿ ಕೆಲಸಕ್ಕಿದ್ದ ಪುಷ್ಪಲತಾ ಎಂಬ ಇಪ್ಪತ್ತಾರರ ಹುಡುಗಿ ತನ್ನ ಮನೆಯವರ ಮುಖ ನೋಡಲಾರದಂತಾದಳು.

ನೆಲಗಿವಿ ಎಂದರೆ ಭಾರೀ ಯಂತ್ರವೇನಲ್ಲ. ಅಂಗೈಯಗಲದ ಒಂದು ಬಿಲ್ಲೆ. ಮೊಳದಾಳ ಗುಂಡಿ ತೋಡಿ ಹೂತುಬಿಟ್ಟರೆ ಸುತ್ತ ನೂರು ಮೀಟರಿನೊಳಗೆ ನೆಲ ಎಷ್ಟು ಸಣ್ಣಗೆ ನಡುಗಿದರೂ ಅದಕ್ಕೆ ತಿಳಿಯುತ್ತದೆ. ಅಂಥ ಸಾವಿರಾರು ಬಿಲ್ಲೆಗಳು ಕಾರೆಹಳ್ಳದ ಕಾಡಿನಡಿ ಮಲಗಿದ್ದವು. ತೇಗದ ಕೆಳಗೆ, ಬಿದಿರುಮೆಳೆಯ ಬುಡದಲ್ಲಿ, ಜಿಂಕೆಗಳು ಮೇಯುವ ಜೌಗು ಹುಲ್ಲುಗಾವಲುಗಳಾದ ಹಡ್ಲುಗಳ ಅಂಚಿನಲ್ಲಿ. ಆನೆ ನಡೆದರೆ ಮೆತ್ತನೆಯ ಅಗಲವಾದ ಅಲೆ, ಕಾಟಿ ಎಂಬ ಕಾಡುಕೋಣ ನಡೆದರೆ ಗೊರಸಿನ ಗಡುಸು ಏಟು. ಹುಲಿಯದು ಬೇರೆಯೇ ಲಯ. ಅದರ ಹಿಂಗಾಲು ಮುಂಗಾಲಿನ ಗುರುತಿನ ಮೇಲೆಯೇ ಬೀಳುವುದರಿಂದ ನಾಲ್ಕು ಕಾಲಿದ್ದರೂ ಹೆಜ್ಜೆಸಾಲು ಒಂದೇ. ಮನುಷ್ಯರಲ್ಲೂ ಒಬ್ಬರಂತೆ ಇನ್ನೊಬ್ಬರು ನಡೆಯುವುದಿಲ್ಲ. ಸಿಬ್ಬಂದಿಯೆಲ್ಲ ಕಚೇರಿಯ ಮುಂದಿನ ಮಣ್ಣಿನ ಪಟ್ಟಿಯ ಮೇಲೆ ನಲವತ್ತು ಹೆಜ್ಜೆ ನಡೆದು ತಮ್ಮ ನಡಿಗೆಯನ್ನು ಯಂತ್ರಕ್ಕೆ ಕಲಿಸಿದ್ದರು. ಕಲಿಸದ ನಡಿಗೆ ಕಾಡೊಳಗೆ ಕೇಳಿಸಿದರೆ ಪರದೆಯ ಮೇಲೆ ಕೆಂಪು ಗೆರೆ ಏಳುತ್ತಿತ್ತು. ಮೂರು ನಿಮಿಷದೊಳಗೆ ಆಪರೇಟರ್ ಅದಕ್ಕೊಂದು ಹೆಸರು ಹಾಕಬೇಕು. ಹಾಕದಿದ್ದರೆ ಯಂತ್ರ ಯಾರ ಅಪ್ಪಣೆಗೂ ಕಾಯದೆ ಡ್ರೋನ್ ಹಾರಿಸುತ್ತಿತ್ತು.

ಆ ಹೆಸರು ಹಾಕುವ ಕೆಲಸ ಪುಷ್ಪಲತಾಳದು. ಸಿಬ್ಬಂದಿ ಸಂಖ್ಯೆ ನಲವತ್ನಾಲ್ಕು.

ಅವಳು ಜೇನುಕುರುಬರ ಹಾಡಿಯ ಹುಡುಗಿ. ಶಾಲೆಯ ದಾಖಲೆಯಲ್ಲಿ ಹೆಸರು ಜೆ.ಕೆ. ಪುಷ್ಪಲತಾ. ಹಾಡಿಯವರ ಹೆಸರಿನ ಮೊದಲಲ್ಲೆಲ್ಲ ಆ ಎರಡು ಅಕ್ಷರ ಇರುತ್ತವೆ, ನೋಡಿದವರಿಗೆ ಕುಲ ತಿಳಿದುಬಿಡುತ್ತದೆ. ಹುಣಸೂರಿನ ಹಾಸ್ಟೆಲಿನಲ್ಲಿದ್ದಾಗ ಕೊಠಡಿಯ ಹುಡುಗಿಯೊಬ್ಬಳು ತನ್ನ ಬಾಚಣಿಗೆಯನ್ನು ಇವಳ ಕೈಗೆ ಸಿಗದ ಹಾಗೆ ಎತ್ತಿಡಲು ಶುರುಮಾಡಿದ ಮೇಲೆ ಪುಷ್ಪಲತಾ ಆ ಅಕ್ಷರಗಳನ್ನು ಬರೆಯುವುದು ಬಿಟ್ಟಳು. ಏಜೆನ್ಸಿಯ ಮೂಲಕ ಈ ಕೆಲಸ ಸಿಕ್ಕಾಗ ಹಾಸ್ಟೆಲಿನ ವಿಳಾಸವನ್ನೇ ಕೊಟ್ಟಳು. ಕಚೇರಿಯಲ್ಲಿ ಎಲ್ಲರೂ ಅವಳನ್ನು ಹುಣಸೂರಿನವಳೆಂದೇ ತಿಳಿದಿದ್ದರು. ಅವಳು ಇದ್ದದ್ದು ಮಾತ್ರ ಒಂಬತ್ತು ಕಿಲೋಮೀಟರ್ ದೂರದ ಹೊಸ ಹಾಡಿಯಲ್ಲಿ, ಅಪ್ಪ ಅವ್ವನ ಜೊತೆ. ಸಂಜೆ ಹಾಡಿಯ ಮುಂದೆ ಬಸ್ಸಿಳಿಯದೆ ಕೈಮರದ ನಿಲ್ದಾಣದಲ್ಲಿಳಿದು ಒಂದು ಕಿಲೋಮೀಟರ್ ಹಿಂದಕ್ಕೆ ನಡೆಯುತ್ತಿದ್ದಳು. ಬೆಳಿಗ್ಗೆಯೂ ಅಷ್ಟೇ, ಅಲ್ಲಿಗೆ ನಡೆದುಹೋಗಿ ಬಸ್ಸು ಹತ್ತುತ್ತಿದ್ದಳು. ಸುಳ್ಳು ಹೇಳುವವರಿಗೆ ಕಾಲಿನ ವ್ಯಾಯಾಮ ಜಾಸ್ತಿ.

ಅವಳ ಅಪ್ಪ ಚೌಡ ಇದೇ ಕಾಡಿನಲ್ಲಿ ಇಪ್ಪತ್ತೆಂಟು ವರ್ಷ ದಿನಗೂಲಿ ವಾಚರ್ ಆಗಿದ್ದವನು. ನೆಲಗಿವಿ ಬರುವ ವರ್ಷ ಹದಿನಾಲ್ಕು ಮಂದಿ ವಾಚರುಗಳನ್ನು ಬಿಡಿಸಿದರು. ಇನ್ನು ಕಾಡನ್ನು ನೆಲವೇ ಕಾಯುತ್ತದೆ ಎಂದರು. ಚೌಡ ಖಾಕಿ ಅಂಗಿಯನ್ನು ಮಡಿಸಿ ಕೊಟ್ಟು ಬಂದ. ಆಗಿದ್ದ ಅಧಿಕಾರಿಗಳೂ ವರ್ಗವಾಗಿ ಹೋದರು. ಹೀಗಾಗಿ ಎರಡು ವರ್ಷದ ನಂತರ ಮಗಳು ಕಂಟ್ರೋಲ್ ರೂಮಿಗೆ ಸೇರಿದಾಗ ಅಲ್ಲಿ ಚೌಡನ ಗುರುತಿದ್ದವರು ಒಬ್ಬರೂ ಇರಲಿಲ್ಲ. ಪುಷ್ಪಲತಾಳಿಗೆ ಅದು ನಿರಾಳವೆನಿಸಿತ್ತು. ಹಾಗೆ ಅನ್ನಿಸಿದ್ದಕ್ಕೆ ಆಗಲೇ ಸ್ವಲ್ಪ ನಾಚಿಕೆಯೂ ಆಗಿತ್ತು.

ಆ ಯಂತ್ರಕ್ಕೊಂದು ಕೊರತೆಯಿತ್ತು. ಅದನ್ನು ಕಟ್ಟಿದ ಡಾಕ್ಟರ್ ಫಿರ್ದೋಸ್ ಮೈಸೂರಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಒಂದು ದಿನ ಊಟದ ಹೊತ್ತಿನಲ್ಲಿ ಅವರು, "ತುಂಬಾ ಮೆಲ್ಲಗೆ ನಡೆಯೋರನ್ನ ಇದು ಹಿಡಿಯಲ್ಲ. ಬರಿಗಾಲಲ್ಲಿ, ನಿಂತು ನಿಂತು ನಡೆದರೆ ಕಾಡುಕೋಳಿ ಕೆದಕಿದ ಸದ್ದು ಅಂದ್ಕೊಂಡು ಬಿಟ್ಟುಬಿಡುತ್ತೆ. ಆ ನಡಿಗೆ ಗೊತ್ತಿರೋ ಒಬ್ಬರು ಸಿಕ್ಕಿದ್ರೆ ಇದಕ್ಕೆ ಕಲಿಸಬಹುದಿತ್ತು" ಎಂದರು.

"ನಾನು ನಡೆದು ತೋರಿಸಲಾ ಮೇಡಂ?"

ಬಾಯಿಂದ ಬಂದ ಮೇಲೆಯೇ ಪುಷ್ಪಲತಾಳಿಗೆ ತಾನೇನು ಹೇಳಿದೆನೆಂಬುದು ತಿಳಿದದ್ದು. ಅವಳು ಚಪ್ಪಲಿ ಬಿಟ್ಟು ಮಣ್ಣಿನ ಪಟ್ಟಿಯ ಮೇಲೆ ನಿಂತಳು. ಮೊದಲು ಪಾದದ ಹೊರ ಅಂಚು, ಆಮೇಲೆ ಬೆರಳುಗಳು, ಕೊನೆಗೆ ಭಾರವಿಲ್ಲದ ಹಿಮ್ಮಡಿ. ಏಳು ಹೆಜ್ಜೆಗೊಮ್ಮೆ ನಿಂತು, ಉಸಿರು ಹಿಡಿದು ಕೇಳಿಸಿಕೊಂಡು, ಮತ್ತೆ ಏಳು ಹೆಜ್ಜೆ. ಐದು ವರ್ಷದವಳಿದ್ದಾಗ ಅಪ್ಪನ ಬೆನ್ನ ಹಿಂದೆ ಜೇನಿಗೆ ಹೋಗುತ್ತ ಕಲಿತದ್ದು. "ನೆಲಕ್ಕೆ ಕೇಳ್ದಂಗೆ ನಡಿ ಕೂಸೆ. ಆಗ ನಿಂಗೆ ಎಲ್ಲಾ ಕೇಳ್ತದೆ" ಎಂದು ಚೌಡ ಅಂದು ಹೇಳಿಕೊಟ್ಟಿದ್ದ.

"ಅದ್ಭುತವಾಗಿದೆ. ಎಲ್ಲಿ ಕಲಿತಿರಿ?" ಎಂದು ಫಿರ್ದೋಸ್ ಕೇಳಿದರು.

"ಕಾಲೇಜಲ್ಲಿ ಟ್ರೆಕ್ಕಿಂಗ್ ಹೋಗ್ತಿದ್ವಿ ಮೇಡಂ."

ಎಲ್ಲರೂ ಚಪ್ಪಾಳೆ ತಟ್ಟಿದರು. ವಲಯ ಅರಣ್ಯಾಧಿಕಾರಿ ಶರಣಬಸಪ್ಪ ಕಲಬುರಗಿ ಕಡೆಯವರು, ಬಾಯಿ ತುಂಬ ಮಾತಾಡುವ ಮನುಷ್ಯ. "ಭಾಳ ಛಲೋ ಮಾಡ್ದಿ ತಂಗಿ" ಎಂದು ಎಲ್ಲರಿಗೂ ಚಹಾ ತರಿಸಿದರು. ಆ ದಿನ ಪುಷ್ಪಲತಾ ಹಿಗ್ಗಿಕೊಂಡು ಮನೆಗೆ ಹೋದಳು.

ಮುಂದಿನ ಸೋಮವಾರ ಬೆಳಿಗ್ಗೆ ಏಳೂವರೆಗೆ ಪರದೆಯ ಮೇಲೆ ಕೆಂಪು ಗೆರೆಯೊಂದು ಎದ್ದಿತು. ಜಾಗ ಮತ್ತಿಮರದ ಒರತೆ, ಕಾಡಿನ ನಟ್ಟನಡುವೆ. ಗೆರೆಯ ಕೆಳಗೆ ಯಂತ್ರ ಬರೆದಿತ್ತು: "ಅಪರಿಚಿತ. ಹತ್ತಿರದ ಹೋಲಿಕೆ: ಸಿಬ್ಬಂದಿ 44, ಪುಷ್ಪಲತಾ. ಶೇಕಡಾ 81."

ಈ ಭೂಮಿಯ ಮೇಲೆ ಅವಳ ಹಾಗೆ ಎಂಬತ್ತೊಂದು ಪಾಲು ನಡೆಯುವವನು ಒಬ್ಬನೇ. ಅವನು ಮಿಕ್ಕ ಹತ್ತೊಂಬತ್ತು ಪಾಲನ್ನು ವಯಸ್ಸಿಗೆ ಕೊಟ್ಟಿದ್ದ, ಅಷ್ಟೆ. ಕೆಲಸ ಹೋದ ಮೇಲೂ ಚೌಡ ದಿನಾ ಕಾಡಿಗೆ ಹೋಗುತ್ತಿದ್ದಾನೆ ಎಂಬುದು ಮಗಳಿಗೆ ಗೊತ್ತಿರಲಿಲ್ಲ. ಯಂತ್ರಕ್ಕೂ ಗೊತ್ತಿರಲಿಲ್ಲ. ಅದು ಕಿವುಡಾಗಿದ್ದಷ್ಟು ದಿನ ಅವನು ಕ್ಷೇಮವಾಗಿದ್ದ. ಕಿವುಡು ಬಿಡಿಸಿದವಳು ಇವಳು.

ಮೂರು ನಿಮಿಷದಲ್ಲಿ ಎರಡು ಕಳೆದಿದ್ದವು. ಅವಳು ಹೆಸರಿನ ಜಾಗದಲ್ಲಿ "ಕಡವೆ" ಎಂದು ಬರೆದಳು. ಗೆರೆ ಹಸಿರಾಯಿತು.

ಅಂದು ಸಂಜೆ ಅವ್ವ ಸೋಮಿ ಮುದ್ದೆ ತಿರುವುತ್ತಿದ್ದಳು. ಚೌಡ ಜಗಲಿಯ ಮೇಲೆ ಕೂತು ಕಾಲು ತೊಳೆಯುತ್ತಿದ್ದ. ಉಗುರಿನ ಸಂದಿಯಲ್ಲಿ ಕರೀ ಕೆಸರು. ಪುಷ್ಪಲತಾ ಆ ಕೆಸರನ್ನು ನೋಡಿಯೇ ಕೇಳಿದಳು.

"ಮತ್ತಿಮರದ ಒರತೆಗೆ ಯಾಕೋಗಿದ್ದೆ ಅಪ್ಪ?"

ಚೌಡ ತಲೆಯೆತ್ತಿ ನೋಡಿದ. ಮುಚ್ಚಿಡುವ ಅಭ್ಯಾಸ ಅವನಿಗಿರಲಿಲ್ಲ. "ಹೂಳು ತುಂಬ್ಕತದೆ ಕೂಸೆ. ಬ್ಯಾಸ್ಗೇಲಿ ದಿನಾ ಒಂದೀಟು ತೆಗೀದಿದ್ರೆ ಒರತೆ ಬಾಯಿ ಮುಚ್ಕೊಂಡೋಯ್ತದೆ. ಅಲ್ಲೊಂದು ತಾಯಿ ಅವ್ಳೆ. ಮೂರು ಮರಿ. ಬ್ಯಾರೆ ನೀರು ಬಾಳ ದೂರ."

"ಬೋರ್‌ವೆಲ್ ತೊಟ್ಟಿ ಕಟ್ಟವ್ರಲ್ಲ."

"ಆ ಮೋಟರ್ ಸದ್ದಿಗೆ ಅವ್ಳು ಮರಿ ಕಟ್ಕೊಂಡು ಹೋಗಕಿಲ್ಲ. ನಾ ಕೆಸರು ಎತ್ತೋವಾಗ ರೋಜುವಾರದ ಮುಳ್ಳುಮೆಳೇಲಿ ಮನೀಕೊಂಡಿರ್ತಾಳೆ. ನೋಡ್ತಾ ಇರ್ತಾಳೆ. ಅವ್ಳ ಕೆಲ್ಸ ಅವ್ಳಿಗೆ, ನನ್ ಕೆಲ್ಸ ನಂಗೆ."

ಅದು ನಿಜವೆಂದು ಪುಷ್ಪಲತಾ ಪರದೆಯಲ್ಲಿ ನೋಡಿದ್ದಳು. ಅಪ್ಪನ ಗೆರೆಗೂ ಹುಲಿಯ ಚುಕ್ಕೆಗೂ ನಡುವೆ ಮೂವತ್ತು ಮೀಟರ್ ಇತ್ತು. ಕಚೇರಿಯ ಲೆಕ್ಕದಲ್ಲಿ ಅದು ಟಿ-31. ಇಡೀ ಕಾರೆಹಳ್ಳಕ್ಕೆ ಈ ವರ್ಷ ಮೂರು ಮರಿ ಹಾಕಿದ ಒಂದೇ ತಾಯಿ. ಅದು ಆ ಒರತೆಯನ್ನು ಬಿಟ್ಟು ಕದಲದಿರುವುದು ಸೋಲಾರ್ ಬೋರ್‌ವೆಲ್ಲಿನ ಮಹಿಮೆ ಎಂದು ಶರಣಬಸಪ್ಪನವರು ಮೇಲಕ್ಕೆ ವರದಿ ಬರೆದಿದ್ದರು.

"ನಾಳಿಂದ ಹೋಗ್ಬ್ಯಾಡ. ಅದು ಒಳಗಡೆ ಜಾಗ, ಹೋಗಂಗಿಲ್ಲ. ಸಿಕ್ಕಾಕ್ಕೊಂಡ್ರೆ ಕೇಸು ಮಾಡ್ತಾರೆ."

"ಮಳೆ ಬರಾಗಂಟ ಕಣವ್ವ. ಆಮ್ಯಾಕೆ ನಾನ್ಯಾಕೆ ಹೋಗ್ಲಿ."

"ಸಿಕ್ಕಾಕ್ಕೊಂಡ್ರೆ ನನ್ ಗತಿ ಏನು? ಅಲ್ಲಿ ನಿನ್ ಮಗಳು ಅಂತ ಯಾರ್ಗೂ ಗೊತ್ತಿಲ್ಲ. ಗೊತ್ತಾಗದೂ ಬ್ಯಾಡ ನಂಗೆ."

ಒಲೆಯ ಮುಂದೆ ಸೋಮಿಯ ಕೈ ನಿಂತಿತು. ಚೌಡ ಚೊಂಬಿನಲ್ಲಿದ್ದ ನೀರನ್ನು ಕಾಲಿನ ಮೇಲೆ ಪೂರ್ತಿ ಹೊಯ್ದುಕೊಂಡ. ಚೊಂಬನ್ನು ಕೆಳಗಿಟ್ಟು, "ಸರಿ ಬುಡು. ಯಾರ್ಗೂ ಗೊತ್ತಾಗಕಿಲ್ಲ" ಎಂದ. ಮತ್ತೆ ಆ ಮಾತು ಮನೆಯಲ್ಲಿ ಬರಲಿಲ್ಲ. ಒರತೆಗೆ ಹೋಗುವುದನ್ನೂ ಅವನು ಬಿಡಲಿಲ್ಲ. ಮಗಳು ಒಂದು ರಜೆಯನ್ನೂ ಹಾಕದೆ ಕಚೇರಿಯಲ್ಲಿ ದಿನಾ ಏಳೂವರೆಗೆ ತಂದೆಯನ್ನು ಕಡವೆ ಮಾಡುತ್ತ ಬಂದಳು. ಹಾಗೆ ಅರವತ್ತೊಂದು ಬೆಳಗುಗಳು ಕಳೆದವು.

ಅರವತ್ತೆರಡನೆಯ ಬೆಳಿಗ್ಗೆ ದೆಹಲಿಯಿಂದ ಪರಿಶೀಲನಾ ತಂಡ ಬಂದಿತ್ತು. ಶರಣಬಸಪ್ಪನವರು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬೆವರುತ್ತಿದ್ದರು. ಫಿರ್ದೋಸ್ ಗೋಡೆಯಗಲದ ಪರದೆಯ ಮುಂದೆ ನಿಂತು ಟಿ-31ರ ಚುಕ್ಕೆಯನ್ನೂ ಅದರ ಸುತ್ತಲಿನ ಮೂರು ಸಣ್ಣ ಚುಕ್ಕೆಗಳನ್ನೂ ತೋರಿಸುತ್ತಿದ್ದರು. ಹನ್ನೆರಡು ಜನ ಮಿಸುಕದೆ ನೋಡುತ್ತಿದ್ದಾಗ ಆ ಚುಕ್ಕೆಗಳ ಪಕ್ಕದಲ್ಲೇ ಕೆಂಪು ಗೆರೆ ಎದ್ದಿತು.

"ಇದೇನು?" ಎಂದು ತಂಡದ ಹಿರಿಯರು ಕೇಳಿದರು.

"ಮನುಷ್ಯನ ನಡಿಗೆ. ನಮ್ಮವರದಲ್ಲ" ಎಂದರು ಫಿರ್ದೋಸ್.

ಶರಣಬಸಪ್ಪ ಪುಷ್ಪಲತಾಳ ಕುರ್ಚಿಯ ಹಿಂದೆ ಬಂದು ಬಗ್ಗಿದರು. "ಯಾರದವ್ವ ಈ ಹೆಜ್ಜಿ?"

ಹೋಲಿಕೆಯ ಸಾಲು ದೊಡ್ಡ ಪರದೆಯಲ್ಲಿ ಕಾಣುತ್ತಿರಲಿಲ್ಲ, ಅವಳ ಮುಂದಿನ ಸಣ್ಣ ಪರದೆಯಲ್ಲಷ್ಟೇ ಬರುತ್ತಿತ್ತು. ಸಿಬ್ಬಂದಿ 44, ಶೇಕಡಾ 81. ಇಷ್ಟು ಜನರೆದುರು ಕಡವೆ ಎನ್ನುವ ಹಾಗಿರಲಿಲ್ಲ. ಅವಳು ಶರಣಬಸಪ್ಪನವರ ಕಣ್ಣು ಅಲ್ಲಿಗೆ ಬೀಳುವ ಮೊದಲೇ ಆ ಸಾಲನ್ನು ಅಳಿಸಿದಳು.

"ಗೊತ್ತಿಲ್ಲ ಸರ್."

ಎರಡೇ ಪದ. ನಮ್ಮಪ್ಪ ಅನ್ನುವುದಕ್ಕೂ ಅಷ್ಟೇ ಹೊತ್ತು ಬೇಕಾಗುತ್ತಿತ್ತು. ಅಂದಿದ್ದರೆ ಏನಾಗುತ್ತಿತ್ತು? ಶರಣಬಸಪ್ಪ ಬೈಯುತ್ತಿದ್ದರು, ಮುದುಕನನ್ನು ಕರೆಸಿ ಬುದ್ಧಿ ಹೇಳುತ್ತಿದ್ದರು. ಅವಳಿಗೆ ಅದು ಆಗಲೂ ಗೊತ್ತಿತ್ತು. ಕೆಲಸ ಹೋಗುತ್ತದೆಂಬ ಹೆದರಿಕೆಯೂ ಅಷ್ಟಿರಲಿಲ್ಲ. ಇಸ್ತ್ರಿಯ ಬಟ್ಟೆ ತೊಟ್ಟ ಆ ಹನ್ನೆರಡು ಜನ ತಿರುಗಿ ತನ್ನನ್ನು ನೋಡುತ್ತಾರಲ್ಲ, ಆ ನೋಟವನ್ನು ನೆನೆದೇ ಅವಳ ನಾಲಿಗೆ ಮಡಿಸಿಕೊಂಡಿತು.

ಮೂರು ನಿಮಿಷ ಮುಗಿಯಿತು. ಡ್ರೋನ್ ಹಾರಿತು.

ಚಿತ್ರ ಬಂತು. ಮತ್ತಿಮರದ ನೆರಳು, ಕೆಳಗೆ ಬಂಡೆಗಳ ನಡುವೆ ತಟ್ಟೆಯಗಲದ ನೀರು. ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತ ಮುದುಕನೊಬ್ಬ ಸೊಟ್ಟಗಾದ ಅಲ್ಯೂಮಿನಿಯಂ ಬೋಸಿಯಲ್ಲಿ ಕೆಸರು ಮೊಗೆದು ಹೊರಗೆ ಚೆಲ್ಲುತ್ತಿದ್ದ. ಆ ಬೋಸಿ ಪುಷ್ಪಲತಾಳ ಮನೆಯದು. ಅದರಲ್ಲಿ ಅವ್ವ ಅವಳಿಗೆ ಎಷ್ಟೋ ಸಲ ಗೆಣಸು ಬೇಯಿಸಿ ಕೊಟ್ಟಿದ್ದಳು.

ಡ್ರೋನಿನ ಸೈರನ್ ಮೊಳಗಿತು. ಮುದುಕ ಮೇಲೆ ನೋಡಿದ.

"ಅಯ್ಯ, ವಯಸ್ಸಾದವ ಅದಾನ. ಕೈಯಾಗ ಏನೂ ಇಲ್ಲ. ಸೈರನ್ ಬಂದ್ ಮಾಡ್ರಿ" ಎಂದರು ಶರಣಬಸಪ್ಪ.

"ಹೆಸರು ಹಾಕಿದ್ರೆ ತಾನಾಗೇ ನಿಲ್ಲುತ್ತೆ. ಇಲ್ಲದಿದ್ರೆ ನಿಲ್ಲಲ್ಲ" ಎಂದರು ಫಿರ್ದೋಸ್. ತಾನೇ ಹಾಕಿದ ನಿಯಮವನ್ನು ಹೇಳುವಾಗ ಅವರ ದನಿ ಇಳಿದಿತ್ತು. "ಪುಷ್ಪಾ, ಏನಾದ್ರೂ ಒಂದು ಹೆಸರು ಹಾಕಿ."

ಪುಷ್ಪಲತಾಳ ಬೆರಳು ಕೀಲಿಗಳ ಮೇಲಿತ್ತು. ಅವಳು ಮೊದಲ ಅಕ್ಷರ ಒತ್ತಿದಳು. ಹೆಸರು ದೊಡ್ಡ ಪರದೆಯ ಮೇಲೆ ಬರುತ್ತದೆ, ಎಲ್ಲರೂ ಓದುತ್ತಾರೆ. ಹೇಗೆ ಗೊತ್ತು ಎಂದು ಕೇಳುತ್ತಾರೆ. ಬೇರೆ ಯಾವುದಾದರೂ ಹೆಸರು ಹಾಕಬಹುದಿತ್ತು, ಆದರೆ ಆ ಗಳಿಗೆಯಲ್ಲಿ ಲೋಕದಲ್ಲಿ ಬೇರೆ ಹೆಸರೇ ಇಲ್ಲವೆನ್ನಿಸಿತು. ಒತ್ತಿದ ಅಕ್ಷರವನ್ನು ಅಳಿಸಿದಳು.

ರೋಜುವಾರದ ಮೆಳೆ ಅಲುಗಾಡಿ ಟಿ-31 ಹೊರಬಂತು. ಅರವತ್ತೊಂದು ಬೆಳಗು ಆ ಮುದುಕನನ್ನು ನೋಡುತ್ತ ಮಲಗಿದ್ದ ಹುಲಿ ತಲೆಯ ಮೇಲೆ ಕಿರುಚುವ ಆ ವಸ್ತುವನ್ನು ಎಂದೂ ಕಂಡಿರಲಿಲ್ಲ. ಮರಿಗಳು ದಿಕ್ಕಿಗೊಂದರಂತೆ ಓಡಿದವು. ತಾಯಿ ಕಿವಿಗಳನ್ನು ತಲೆಗೆ ಹಚ್ಚಿಕೊಂಡು ನೇರ ಮುದುಕನ ಕಡೆಗೆ ನುಗ್ಗಿತು. ಚೌಡ ಓಡಲಿಲ್ಲ. ಬೋಸಿಯನ್ನು ಎದೆಗೆ ಹಿಡಿದು ಹಿಂದೆ ಹಿಂದೆ ಹೆಜ್ಜೆಯಿಟ್ಟ. ಹುಲಿ ಎರಡು ಮಾರು ದೂರದಲ್ಲಿ ನಿಂತು ಗರ್ಜಿಸಿತು. ಚೌಡನ ಹಿಮ್ಮಡಿ ಕೆಸರಿನಲ್ಲಿ ಜಾರಿ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಅವನು ಬಿದ್ದ. ಹುಲಿ ತಿರುಗಿ ಮರಿಗಳ ಹಿಂದೆ ಹೋಯಿತು.

ಪರದೆಯ ಮೇಲೆ ಕೆಂಪು ಗೆರೆ ನಿಂತಿತ್ತು. ನಡಿಗೆ ಇಲ್ಲದಿದ್ದರೆ ಯಂತ್ರಕ್ಕೆ ಮನುಷ್ಯನೂ ಇಲ್ಲ.

ಚೌಡನನ್ನು ಜೀಪಿನಲ್ಲಿ ತಂದು ಕಚೇರಿಯ ಜಗಲಿಯಲ್ಲಿ ಮಲಗಿಸಿದರು. ಪಾದದ ಗಂಟು ಪುಡಿಯಾಗಿ ಕಾಲು ಅಡ್ಡಕ್ಕೆ ತಿರುಗಿತ್ತು. ಆಂಬುಲೆನ್ಸ್ ಬರುವತನಕ ಹೇಳಿಕೆ ಬರೆದುಕೊಳ್ಳಬೇಕೆಂದು ಶರಣಬಸಪ್ಪ ಪಕ್ಕದಲ್ಲಿ ಕೂತರು. ಪುಷ್ಪಲತಾಳಿಗೆ ನೀರು ತರಲು ಹೇಳಿದರು. ಅವಳು ಲೋಟ ಹಿಡಿದು ಬಂದು ನಿಂತಳು.

"ಯಾವೂರಜ್ಜ? ಹೆಸರೇನು?"

"ಚೌಡ ಸಾಮಿ. ಹೊಸ ಹಾಡಿ."

"ಅಲ್ಲಿ ಏನು ಮಾಡಾಕತ್ತಿದ್ದಿ?"

"ಹೂಳು ತೆಗೀತಿದ್ದೆ."

"ಮನ್ಯಾಗ ಯಾರ್ಯಾರದಾರ?"

"ಹೆಂಡ್ರು ಅವ್ಳೆ."

"ಮಕ್ಕಳು?"

ಚೌಡ ಮಗಳ ಕೈಯಿಂದ ಲೋಟ ತೆಗೆದುಕೊಂಡ. ಅವಳ ಮುಖ ನೋಡಲಿಲ್ಲ. ಪೂರ್ತಿ ಕುಡಿದು, ಲೋಟವನ್ನು ವಾಪಸು ಕೊಟ್ಟು, "ಇಲ್ಲ ಸಾಮಿ" ಎಂದ.

ಶರಣಬಸಪ್ಪ ಬರೆದುಕೊಂಡರು. ಪುಷ್ಪಲತಾ ಲೋಟ ತೊಳೆಯಲು ಒಳಗೆ ಹೋದಳು. ನಲ್ಲಿಯ ಕೆಳಗೆ ಅದನ್ನು ಮತ್ತೆ ಮತ್ತೆ ತೊಳೆದಳು. ಅಪ್ಪ ಬೈದಿದ್ದರೆ ಸಹಿಸಬಹುದಿತ್ತು. ಯಾರಿಗೂ ಗೊತ್ತಾಗುವುದಿಲ್ಲ ಎಂದು ಕೊಟ್ಟ ಮಾತನ್ನು ಅವನು ಆ ನೋವಿನಲ್ಲೂ ನಡೆಸಿಕೊಟ್ಟಿದ್ದ.

ಸೋಮಿ ಮೈಸೂರಿನ ದೊಡ್ಡಾಸ್ಪತ್ರೆಗೆ ಬುತ್ತಿ ಕಟ್ಟಿಕೊಂಡು ಹೋದಳು. ಅಲ್ಲಿಗೆ ಹೋಗುವ ಧೈರ್ಯ ಪುಷ್ಪಲತಾಳಿಗೆ ಬರಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಮೂಸಂಬಿ ಹಿಡಿದು ವಾರ್ಡಿಗೆ ಹೋದಾಗ ಬ್ಯಾಂಡೇಜು ಬದಲಿಸುತ್ತಿದ್ದ ನರ್ಸ್, "ನೀವು ಇವರಿಗೆ ಏನಾಗ್ಬೇಕು?" ಎಂದು ಕೇಳಿದರು. ಪುಷ್ಪಲತಾ ಬಾಯಿ ತೆರೆದಳು. ಅವಳಿಗಿಂತ ಮೊದಲು ಚೌಡ ಹೇಳಿದ:

"ಆಫೀಸ್ನೋರು ಕಣವ್ವ. ಪಾಪ, ನೋಡ್ಕೊಂಡೋಗಕ್ಕೆ ಬಂದವ್ರೆ."

ಅವನ ದನಿಯಲ್ಲಿ ಕೊಂಕಿರಲಿಲ್ಲ. ಹುಡುಕಿದರೂ ಸಿಗಲಿಲ್ಲ. ಮಗಳಿಗೆ ಅನುಕೂಲವಾಗಲಿ ಎಂದು ಹೇಳಿದ ಮಾತು ಅದು. ನರ್ಸ್ ಹೋದ ಮೇಲೆ ಚೌಡ ಕೇಳಿದ್ದು ಒಂದೇ ಪ್ರಶ್ನೆ.

"ಒರತೇಲಿ ನೀರದಾ?"

ಅವಳು ಇದೆ ಎಂದು ಸುಳ್ಳು ಹೇಳಿದಳು.

ನೀರಿರಲಿಲ್ಲ. ನಾಲ್ಕನೆಯ ದಿನಕ್ಕೇ ಹೂಳು ಒರತೆಯ ಬಾಯಿ ಮುಚ್ಚಿತ್ತು. ಹತ್ತನೆಯ ದಿನ ಟಿ-31 ಮರಿಗಳೊಡನೆ ಜಾಗ ಬಿಟ್ಟಿತು. ನೆಲಗಿವಿ ಅದರ ಹೆಜ್ಜೆಗಳನ್ನು ತಪ್ಪದೆ ಬರೆಯುತ್ತ ಹೋಯಿತು. ಪೂರ್ವಕ್ಕೆ ಬೋರ್‌ವೆಲ್ ತೊಟ್ಟಿಯವರೆಗೆ ಹೋದ ಗೆರೆ ಮೋಟರಿನ ನಡುಕಕ್ಕೆ ಬೆದರಿ ವಾಪಸಾಗಿತ್ತು. ಆಮೇಲೆ ದಕ್ಷಿಣಕ್ಕೆ, ಒಣಗಿದ ಎರಡು ಹಡ್ಲು ದಾಟಿ ಕಾಡಿನ ಅಂಚಿನ ಕಡೆಗೆ. ದೊಡ್ಡ ಹೆಜ್ಜೆಯ ಜೊತೆ ಮೂರು ಪುಟ್ಟ ಹೆಜ್ಜೆಗಳು. ಹದಿಮೂರನೆಯ ದಿನ ಬೆಳಿಗ್ಗೆ ಪುಷ್ಪಲತಾ ಪರದೆ ತೆರೆದಾಗ ಪುಟ್ಟ ಹೆಜ್ಜೆಗಳು ಎರಡೇ ಇದ್ದವು. ಮೂರನೆಯದು ಎರಡನೇ ಹಡ್ಲಿನ ನಡುವೆ ನಿಂತುಹೋಗಿತ್ತು. ದೊಡ್ಡ ಹೆಜ್ಜೆ ಅದೇ ಜಾಗಕ್ಕೆ ನಾಲ್ಕು ಸಲ ಹಿಂದಿರುಗಿ ಬಂದಿತ್ತು, ಆಮೇಲೆ ಬಂದಿರಲಿಲ್ಲ.

"ಯಾಕ್ ಬಿಡ್ತು ಮೇಡಂ ಆ ಜಾಗ? ಇಷ್ಟು ದಿನ ಛಲೋ ಇತ್ತಲ್ಲ" ಎಂದು ಶರಣಬಸಪ್ಪ ಫಿರ್ದೋಸರನ್ನು ಕೇಳಿದರು.

"ಗೊತ್ತಾಗ್ತಿಲ್ಲ ಸರ್. ದಾಖಲೆಯಲ್ಲಿ ಏನೂ ವ್ಯತ್ಯಾಸ ಇಲ್ಲ. ದಿನಾ ಬೆಳಿಗ್ಗೆ ಒಂದು ಕಡವೆ ಬರ್ತಿತ್ತು, ಅದೊಂದು ನಿಂತಿದೆ."

ಪುಷ್ಪಲತಾ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅತ್ತರೆ ಹಗುರವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಇಂಥದ್ದಕ್ಕೆ ಅಳುವುದು ಕೂಡ ಒಂದು ನಾಟಕದಂತೆ ಕಂಡು ಇನ್ನಷ್ಟು ಅಸಹ್ಯವಾಯಿತು. ಮುಖ ತೊಳೆದು ಬಂದು ಕುರ್ಚಿಯಲ್ಲಿ ಕೂತಳು.

ಅಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ಹಳೆಯ ದಾಖಲೆ ತೆರೆದಳು. ಅರವತ್ತೊಂದು ಬೆಳಗುಗಳು, ಅರವತ್ತೊಂದು ಕಡವೆಗಳು. ಒಂದೊಂದನ್ನೇ ತೆಗೆದು ಹೆಸರು ಬದಲಿಸಿದಳು. ಯಂತ್ರ ಪ್ರತಿ ಸಲವೂ ಬದಲಾವಣೆಗೆ ಕಾರಣ ಕೇಳುತ್ತಿತ್ತು. ಅವಳು ಪ್ರತಿ ಸಲವೂ ಬರೆದಳು: "ಆಗ ಸುಳ್ಳು ಬರೆದಿದ್ದೆ." ಅರವತ್ತೆರಡನೆಯ ದಿನದ ಅಪರಿಚಿತನಿಗೂ ಹೆಸರು ಹಾಕಿದಳು: ಜೆ.ಕೆ. ಚೌಡ. ಆ ದಿನದ ಕಾರಣದ ಜಾಗದಲ್ಲಿ, "ಗೊತ್ತಿತ್ತು, ಹೇಳಲಿಲ್ಲ" ಎಂದು ಬರೆದಳು. ಕೊನೆಗೆ ತನ್ನ ಹೆಸರಿನ ಕೆಳಗಿದ್ದ ಬರಿಗಾಲಿನ ನಡಿಗೆಯನ್ನು ಅಳಿಸಿ, ಅದನ್ನು ಅಪ್ಪನ ಹೆಸರಿಗೇ ಬಿಟ್ಟಳು. ಅದು ಅವಳದಾಗಿರಲೇ ಇಲ್ಲ. ಹೇಳಿಕೊಟ್ಟವನಿಗೆ ತಿಳಿಸದೆ ಕೊಟ್ಟುಬಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಅವಳು ಕೈಮರಕ್ಕೆ ನಡೆಯಲಿಲ್ಲ. ಹಾಡಿಯ ಮುಂದೆಯೇ ಬಸ್ಸಿಗೆ ಕೈ ಮಾಡಿದಳು. ಜೀಪಿನವರು ಕಾಡಿನಿಂದ ತಂದು ಕಚೇರಿಯ ಮೂಲೆಯಲ್ಲಿ ಸಾಕ್ಷಿಯೆಂದು ಇಟ್ಟಿದ್ದ ಸೊಟ್ಟ ಬೋಸಿಯನ್ನು ಎತ್ತಿಕೊಂಡಳು. ಸೊಂಟಕ್ಕೆ ವೈರ್‌ಲೆಸ್ ಸಿಕ್ಕಿಸಿಕೊಂಡು, ಗಸ್ತು ಜೀಪಿನಲ್ಲಿ ಒರತೆಯ ದಾರಿಯ ತಿರುವಿನವರೆಗೆ ಹೋಗಿ ಇಳಿದಳು. ಅಲ್ಲಿ ಬೂಟು ಬಿಚ್ಚಿ ಮರದ ಬುಡದಲ್ಲಿಟ್ಟಳು.

ತೇಗದ ಒಣ ಎಲೆಗಳ ಮೇಲೆ ಪಾದದ ಹೊರ ಅಂಚು ಇಟ್ಟಳು. ಆಮೇಲೆ ಬೆರಳುಗಳು. ಏಳು ಹೆಜ್ಜೆ ನಡೆದು ನಿಂತಳು. ದೂರದಲ್ಲಿ ಮುಸುವವೊಂದು ಕೊಂಬೆಯಿಂದ ಕೊಂಬೆಗೆ ಹಾರಿತು. ಎಲ್ಲೋ ಮರಕುಟಿಗ ಕುಟ್ಟುತ್ತಿತ್ತು. ಹುಲಿಯ ಸುಳಿವು ಕಾಣಲಿಲ್ಲ, ಕಾಣುವ ಹಕ್ಕು ತನಗಿದೆ ಎಂದು ಅವಳಿಗೂ ಅನ್ನಿಸಿರಲಿಲ್ಲ. ಒರತೆಯ ಜಾಗದಲ್ಲಿ ಬಿರುಕು ಬಿಟ್ಟ ಕೆಸರಿತ್ತು. ಬಂಡೆಯ ಸಂದಿಯಲ್ಲಿ ಅಪ್ಪನ ಕಾಲು ಸಿಕ್ಕಿದ್ದ ಕಡೆ ಮಣ್ಣು ಕಪ್ಪಾಗಿತ್ತು. ಅವಳು ಕುಕ್ಕರಗಾಲಿನಲ್ಲಿ ಕೂತು ಬೋಸಿಯಲ್ಲಿ ಹೂಳು ಕೆರೆಯತೊಡಗಿದಳು.

ಹತ್ತು ನಿಮಿಷವೂ ಆಗಿರಲಿಲ್ಲ, ವೈರ್‌ಲೆಸ್ ಗೊರಗೊರ ಅಂದಿತು. ಶರಣಬಸಪ್ಪನವರ ದನಿ. ಆ ಮಾತು ಕಾಡಿನೊಳಗಿನ ಅಷ್ಟೂ ಕ್ಯಾಂಪುಗಳಿಗೆ ಕೇಳಿಸುತ್ತಿತ್ತು.

"ಕಂಟ್ರೋಲ್‌ನಿಂದ ಎಲ್ಲಾರಿಗೂ. ಮತ್ತಿಮರದ ಒರತಿ ಹತ್ರ ಯಾರದೀರಿ? ಇಲ್ಲಿ ಪರದೆ ಮ್ಯಾಲ ಜೆ.ಕೆ. ಚೌಡ ಅಂತ ಬರಾಕತ್ತೈತಿ. ಆ ಮುದುಕ ಆಸ್ಪತ್ರ್ಯಾಗ ಅದಾನ. ಇದು ಯಾರ ಹೆಜ್ಜಿ?"

ಪುಷ್ಪಲತಾ ಕೆಸರಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು ವೈರ್‌ಲೆಸ್ಸಿನ ಗುಂಡಿ ಒತ್ತಿದಳು.

"ನಮ್ಮಪ್ಪಂದು ಸರ್" ಎಂದಳು. "ನಾನು ಜೆ.ಕೆ. ಪುಷ್ಪಲತಾ. ಚೌಡನ ಮಗಳು. ಅವತ್ತು ನಂಗೆ ಗೊತ್ತಿತ್ತು."

ಅವಳು ಗುಂಡಿ ಬಿಟ್ಟಳು. ಆಮೇಲೆ ವೈರ್‌ಲೆಸ್ಸನ್ನು ಬಂಡೆಯ ಮೇಲಿಟ್ಟು ಬೋಸಿ ತೆಗೆದುಕೊಂಡಳು. ಮೊಳದಾಳ ತೆಗೆದ ಮೇಲೆ ಕೈಗೆ ತೇವ ಹತ್ತಿತು.